ದಣಿದ ಕೊರಳಿಗೆ ಮೌನವೇ ಮದ್ದು

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಂಥ ಊರುಗಳಲ್ಲಿ ಜಾತ್ರೆ, ಗಣೇಶೋತ್ಸವಗಳು ಬಂದವೆಂದರೆ ರಸಮಂಜರಿಯೂ ಬಂದಿತೆಂದೇ ಅರ್ಥ. ಚಿತ್ರಗೀತೆ ಹಾಡುವ ಗಾಯಕನ ಮುಂದೆ ಜನಸಂದಣಿ. ಹಿಂದೆ ಅಬ್ಬರಿಸುವ ವಾದ್ಯಗಳು. ತನ್ನ ದನಿ ತನಗೇ ಕೇಳಿಸದಾಗ ಅವನು ಅರಿಯದೆಯೇ ಇನ್ನಷ್ಟು ಗಟ್ಟಿಯಾಗಿ ಹಾಡುತ್ತಾನೆ. ಮರುದಿನ ಮತ್ತೊಂದು ಊರು, ಮತ್ತೊಂದು ವೇದಿಕೆ. ಹಾಡಿದರುಂಟು ಸಂಭಾವನೆ, ಹಾಡದಿದ್ದರಿಲ್ಲ. ಹೀಗಿರುವಾಗ ಕೊರಳು ದಣಿದಿದೆಯೆಂದು ಹೇಳಿಕೊಳ್ಳುವ ಧೈರ್ಯವಾದರೂ ಎಲ್ಲಿಂದ ಬಂದೀತು?

ಕೊರಳೊಳಗಿನ ವ್ಯಾಪಾರವೇ ಸೋಜಿಗವಾದುದು. ಧ್ವನಿಪೆಟ್ಟಿಗೆಯಲ್ಲಿ ನಾದತಂತುಗಳೆಂಬ ಎರಡು ಪುಟ್ಟ ಮಡಿಕೆಗಳುಂಟು. ಮಾತನಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100 ಸಲ, ಹೆಂಗಸರಲ್ಲಿ ಸುಮಾರು 200 ಸಲ ಅವು ಒಂದಕ್ಕೊಂದು ತಾಗುತ್ತವೆ. ತಾರಸ್ಥಾಯಿಯಲ್ಲಿ ಈ ಸಂಖ್ಯೆ ಇನ್ನೂ ಏರುವುದು. ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟುವಂತೆ, ಅತಿಯಾಗಿ ದುಡಿದ ತಂತುಗಳ ಮೇಲೆ ಸಣ್ಣ ಗಂಟುಗಳು ಮೂಡುತ್ತವೆ, ದನಿ ಗೊಗ್ಗರಾಗುತ್ತದೆ. ಕೆಲವೊಮ್ಮೆ ಸೂಕ್ಷ್ಮ ರಕ್ತನಾಳವೇ ಒಡೆಯುವುದುಂಟು.

ಜಗದ್ವಿಖ್ಯಾತರೂ ಇದಕ್ಕೆ ಹೊರತಲ್ಲ. ಆಂಗ್ಲ ಗಾಯಕಿ ಅಡೆಲ್ 2011ರಲ್ಲಿ ಕೊರಳಿನ ರಕ್ತಸ್ರಾವದಿಂದಾಗಿ ಕಚೇರಿಗಳನ್ನು ರದ್ದುಪಡಿಸಿ, ಬೋಸ್ಟನ್ನಿನಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ವಾರಗಟ್ಟಲೆ ಮೌನವಾಗಿದ್ದು, 2012ರ ಫೆಬ್ರವರಿಯಲ್ಲಿ ವೇದಿಕೆಗೆ ಮರಳಿದರು. ಆದರೆ 1997ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಜೂಲಿ ಆಂಡ್ರ್ಯೂಸ್ ಅವರಿಗೆ ಹಿಂದಿನ ಆ ಕಂಠ ಮರಳಿ ದಕ್ಕಲೇ ಇಲ್ಲ. ಕತ್ತರಿಯೊಂದನ್ನೇ ನೆಚ್ಚಿಕೊಳ್ಳಲಾಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಾಯುವ ತಾಳ್ಮೆಗೆ ಕನ್ನಡ ನಾಡಿನಲ್ಲೇ ಹಿರಿಯ ನಿದರ್ಶನವೊಂದುಂಟು. ಅದು ಶಾಸ್ತ್ರೀಯ ಗಾಯಕರೊಬ್ಬರದು. ಬೇನೆಯೂ ಕೊರಳಿನದಲ್ಲ, ಶ್ವಾಸಕೋಶದ್ದು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಬಾಲ್ಯದಲ್ಲೇ ಕೀರ್ತಿವಂತರಾಗಿ, ತುಂಬು ಯೌವನದಲ್ಲಿ ಕ್ಷಯಕ್ಕೆ ತುತ್ತಾದರು. 1948ರಲ್ಲಿ ಒಣಹವೆಯನ್ನರಸಿ ಮಾಳವದ ದೇವಾಸಕ್ಕೆ ಹೋದರು. ವೈದ್ಯರ ಆಜ್ಞೆಯಂತೆ ವರ್ಷಗಳ ಕಾಲ ಹಾಡನ್ನೇ ತೊರೆದರು. ಪತ್ನಿ ಭಾನುಮತಿಯವರ ಶುಶ್ರೂಷೆ ಹಾಗೂ ಆಗಷ್ಟೇ ದೊರೆಯತೊಡಗಿದ್ದ ಸ್ಟ್ರೆಪ್ಟೊಮೈಸಿನ್ ಔಷಧ ಅವರನ್ನು ಉಳಿಸಿದವು. ಹಾಸಿಗೆ ಹಿಡಿದಿದ್ದಾಗ ಅವರು ಮಾಳವದ ಜನಪದ ಗೀತೆಗಳಿಗೆ ಕಿವಿಗೊಟ್ಟರು. 1950ರ ದಶಕದಲ್ಲಿ ಅವರು ಮತ್ತೆ ಹಾಡಿದಾಗ ಒಂದು ಶ್ವಾಸಕೋಶ ಕುಗ್ಗಿತ್ತು; ಗಾಯನವಾದರೋ ಹೊಸ ಹುಟ್ಟು ಪಡೆದಿತ್ತು.

ರಸಮಂಜರಿಯ ಗಾಯಕನಿಗೆ ಅಷ್ಟು ದೀರ್ಘ ವನವಾಸ ಬೇಕಾಗದು. ಗಂಟುಗಳು ಹೆಚ್ಚಿನ ಪಾಲು ಶಸ್ತ್ರವಿಲ್ಲದೆಯೇ, ವಿಶ್ರಾಂತಿ ಮತ್ತು ಧ್ವನಿ ತರಬೇತಿಯಿಂದ ಕರಗುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಚಿಕಿತ್ಸೆಯುಂಟು. ನೀರನ್ನು ಧಾರಾಳವಾಗಿ ಕುಡಿಯಬೇಕು, ಧೂಮಪಾನವನ್ನು ದೂರವಿಡಬೇಕು, ಒತ್ತಿ ಆಡುವ ಪಿಸುಮಾತನ್ನೂ ಬಿಡಬೇಕು. ಎರಡು ಮೂರು ವಾರ ಕಳೆದರೂ ದನಿ ತಿಳಿಯಾಗದಿದ್ದರೆ ಗಂಟಲಿನ ವೈದ್ಯರನ್ನು ಕಾಣಲು ತಡಮಾಡಬಾರದು.

ಕೇಳುಗರ ಹೊಣೆಯೂ ಇದರಲ್ಲಿ ಇಲ್ಲದಿಲ್ಲ. ನಡುರಾತ್ರಿಯಲ್ಲಿ “ಇನ್ನೊಂದು ಹಾಡು!” ಎಂದು ಕೂಗುವ ಮುನ್ನ, ಆ ಕೊರಳು ನಾಳೆಯೂ ಹಾಡಬೇಕಾದುದೆಂಬುದನ್ನು ನೆನೆದರೆ ಸಾಕು.