ಮೌನಕ್ಕೂ ಒಂದು ವೇಳಾಪಟ್ಟಿ

ಪರೀಕ್ಷೆ ಹತ್ತಿರ ಬಂದ ಮನೆಯಲ್ಲಿ ಅಮ್ಮನ ಮೊದಲ ಆಜ್ಞೆ: 'ಯಾರೂ ಸದ್ದು ಮಾಡಬೇಡಿ, ಮಗ ಓದ್ತಾ ಇದಾನೆ!' ಟಿ.ವಿ. ಬಂದ್. ಅಪ್ಪನ ಫೋನ್ ಮಾತುಕತೆ ಜಗಲಿಗೆ ವರ್ಗ. ಅಜ್ಜಿ ಕಾಫಿ ಕೇಳುವುದೂ ಪಿಸುದನಿಯಲ್ಲಿ. ಇಡೀ ಮನೆ ಹೀಗೆ ಉಸಿರು ಬಿಗಿಹಿಡಿದು ಕುಳಿತಿರುವಾಗ ಒಳಕೋಣೆಯಲ್ಲಿ ಏನು ನಡೆದಿದೆ? ಪುಸ್ತಕ ತೆರೆದೇ ಇದೆ. ಮನಸ್ಸು ಮಾತ್ರ ಮೊಬೈಲು, ಗೆಳೆಯನ ಮಾತು, ನಿನ್ನೆಯ ಮ್ಯಾಚು, ನಾಳೆಯ ಭಯ ಎಂದು ಊರೆಲ್ಲ ಸುತ್ತುತ್ತಿದೆ.

ಹೊರಗಿನ ಸದ್ದನ್ನು ನಿಲ್ಲಿಸುವುದು ಸುಲಭ. ಒಳಗಿನ ಗದ್ದಲವನ್ನು ಏನು ಮಾಡುವುದು? ಒಂಬತ್ತು ಶತಮಾನಗಳ ಹಿಂದೆ ಒಬ್ಬ ಮೇಷ್ಟ್ರು ಮೌನವನ್ನು ಅರಸಿ ಬೆಟ್ಟ ಹತ್ತಿದರು. ಅವರು ಆರಂಭಿಸಿದ ಜೀವನಕ್ರಮ ಇಂದಿಗೂ ಉಳಿದಿದೆ. ಅದರಲ್ಲಿ ಈ ಪ್ರಶ್ನೆಗೆ ಉತ್ತರವೂ ಇದೆ.

ಶಾಲೆ ಬಿಟ್ಟ ಮೇಷ್ಟ್ರು

ಅವರ ಹೆಸರು ಬ್ರೂನೊ. ಹುಟ್ಟೂರು ಜರ್ಮನಿಯ ಕಲೋನ್. ಫ್ರಾನ್ಸಿನ ರೀಮ್ಸ್ ನಗರದ ಹೆಸರಾಂತ ಕೆಥೆಡ್ರಲ್ ಶಾಲೆಯ ಮುಖ್ಯಸ್ಥರಾಗಿ ಸುಮಾರು 20 ವರ್ಷ ದುಡಿದವರು. ಅಲ್ಲಿನ ಆರ್ಚ್‌ಬಿಷಪ್ಪರ ಅಕ್ರಮಗಳನ್ನು ವಿರೋಧಿಸಿ ಸ್ಥಾನಮಾನ ಕಳೆದುಕೊಂಡರು. ಮುಂದೆ ಆ ಆರ್ಚ್‌ಬಿಷಪ್ಪರೇ ಪದಚ್ಯುತರಾದರು. ಆದರೂ ಬ್ರೂನೊ ಪದವಿಯ ದಾರಿ ಹಿಡಿಯಲಿಲ್ಲ. 1084ರಲ್ಲಿ ಆರು ಮಂದಿ ಸಂಗಾತಿಗಳೊಡನೆ ಗ್ರೆನೋಬಲ್‌ನ ಬಿಷಪ್ ಹ್ಯೂ ಅವರ ಬಳಿಗೆ ಹೋದರು. ಹ್ಯೂ ತೋರಿಸಿದ ಜಾಗ ಆಲ್ಪ್ಸ್ ಪರ್ವತಗಳ ನಡುವಿನ ಶಾರ್ತ್ರೂಸ್ ಎಂಬ ನಿರ್ಜನ ಕಣಿವೆ. ಅಲ್ಲಿ ಹುಟ್ಟಿದ್ದೇ ಕಾರ್ಥೂಸಿಯನ್ ಸನ್ಯಾಸಿಗಳ ಸಂಘ.

ಮೌನ ಅವರಿಗೆ ಸುಲಭವಾಗಿ ದಕ್ಕಲಿಲ್ಲ. ಬ್ರೂನೊ ಅವರ ಹಳೆಯ ಶಿಷ್ಯನೊಬ್ಬ ಎರಡನೇ ಅರ್ಬನ್ ಎಂಬ ಹೆಸರಿನಲ್ಲಿ ಪೋಪ್ ಆಗಿದ್ದ. 1090ರಲ್ಲಿ ಸಲಹೆಗಾಗಿ ಗುರುವನ್ನೇ ರೋಮಿಗೆ ಕರೆಸಿಕೊಂಡ. ಗುರು ಹೋದರು. ಆದರೆ ಮತ್ತೆ ಏಕಾಂತವನ್ನೇ ಬೇಡಿ ಪಡೆದು, 1101ರಲ್ಲಿ ದಕ್ಷಿಣ ಇಟಲಿಯಲ್ಲಿ ತೀರಿಕೊಂಡರು. ಇತ್ತ ಶಾರ್ತ್ರೂಸ್‌ನ ಮೊದಲ ಮಠವನ್ನು 1132ರಲ್ಲಿ ಹಿಮಪಾತ ನೆಲಸಮ ಮಾಡಿತು. 1903ರಲ್ಲಿ ಫ್ರೆಂಚ್ ಸರ್ಕಾರ ಸನ್ಯಾಸಿಗಳನ್ನು ಹೊರಹಾಕಿತು. 1940ರಲ್ಲಿ ಅವರು ಮರಳಿ ಬಂದರು.

ಗೋಡೆಯೊಳಗಿನ ದಿನಚರಿ

ಏಕಾಂತವೆಂದರೆ ಸುಮ್ಮನೆ ಕಣ್ಣು ಮುಚ್ಚಿ ಕೂರುವುದು ಎಂದುಕೊಂಡಿದ್ದೀರಾ? ಈ ಮಠದ ದಿನಚರಿ ನೋಡಿದರೆ ಆ ಕಲ್ಪನೆ ಹೋಗುತ್ತದೆ. ಪ್ರತಿ ಸನ್ಯಾಸಿಗೂ ಒಂದು ಪುಟ್ಟ ಮನೆ. ಅಲ್ಲಿ ಸೌದೆ ಸೀಳಲು, ಮರಗೆಲಸ ಮಾಡಲು ಜಾಗ. ಪ್ರಾರ್ಥನೆ, ಓದು ಮತ್ತು ನಿದ್ರೆಗೆ ಕೋಣೆ. ಪಕ್ಕದಲ್ಲಿ ಗೋಡೆ ಸುತ್ತುವರಿದ ಕೈತೋಟ. ಊಟ ಬರುವುದು ಬಾಗಿಲ ಪಕ್ಕದ ಕಿಂಡಿಯಿಂದ. ನಿದ್ರೆಯೂ ಎರಡು ಕಂತು. ನಡುರಾತ್ರಿ ಎದ್ದು ಚರ್ಚಿನಲ್ಲಿ ಎಲ್ಲರೊಡನೆ ಎರಡು ಮೂರು ಗಂಟೆ ಪ್ರಾರ್ಥನೆ, ಮತ್ತೆ ಹಾಸಿಗೆ. ಹಗಲಿನಲ್ಲಿ ಓದು, ಧ್ಯಾನ, ಕೈಗೆಲಸ, ಪ್ರಾರ್ಥನೆ ಎಲ್ಲಕ್ಕೂ ಗಂಟೆ ಬಾರಿಸುತ್ತದೆ.

ಮಾತು ಪೂರ್ತಿ ನಿಷಿದ್ಧವೂ ಅಲ್ಲ. ವಾರಕ್ಕೊಮ್ಮೆ ಎಲ್ಲರೂ ಒಟ್ಟಾಗಿ ಕಾಡಿನಲ್ಲಿ ಹಲವು ಗಂಟೆ ನಡೆಯುತ್ತಾರೆ, ಮನಬಿಚ್ಚಿ ಮಾತಾಡುತ್ತಾರೆ. ವರ್ಷದಲ್ಲಿ ಎರಡು ದಿನ ತಂದೆತಾಯಿ, ಬಂಧುಗಳು ಬಂದು ನೋಡಿ ಹೋಗಬಹುದು. ಅಂದರೆ ಈ ಮೌನ ಮೂರು ಕಾಲಿನ ಪೀಠ: ಏಕಾಂತ, ಕೆಲಸ, ಒಡನಾಟ. ಒಂದು ಕಾಲು ಮುರಿದರೂ ಪೀಠ ನಿಲ್ಲದು.

ಇವರ ತಾಳ್ಮೆಗೆ ಒಂದು ಉದಾಹರಣೆ. ಜರ್ಮನಿಯ ಚಿತ್ರನಿರ್ದೇಶಕ ಫಿಲಿಪ್ ಗ್ರೋನಿಂಗ್ 1984ರಲ್ಲಿ ಇಲ್ಲಿ ಚಿತ್ರ ತೆಗೆಯಲು ಅನುಮತಿ ಕೋರಿದರು. 'ಇನ್ನೂ ಕಾಲ ಬಂದಿಲ್ಲ' ಎಂಬರ್ಥದ ಉತ್ತರ ಬಂತು. ಅನುಮತಿ ಸಿಕ್ಕಿದ್ದು ಸುಮಾರು 16 ವರ್ಷದ ನಂತರ! ಅವರು ಒಬ್ಬರೇ ಕ್ಯಾಮೆರಾ ಹಿಡಿದು ಸುಮಾರು ಆರು ತಿಂಗಳು ಸನ್ಯಾಸಿಗಳೊಡನೆ ಬಾಳಿದರು. 2005ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಹಿನ್ನೆಲೆ ವಿವರಣೆಯೇ ಇಲ್ಲ.

ಯಾತಕ್ಕಾಗಿ ಮೌನ?

ಬೈಬಲಿನಲ್ಲಿ ಯೇಸು ಬೋಧನೆ ಆರಂಭಿಸುವ ಮೊದಲು 40 ದಿನ ಅರಣ್ಯದಲ್ಲಿದ್ದರು. ಜನ ಮುಗಿಬೀಳತೊಡಗಿದ ಮೇಲೂ ನಸುಕಿನಲ್ಲೆದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದರು. ಮತ್ತೆ ಜನರ ನಡುವೆಯೇ ಬರುತ್ತಿದ್ದರು. ಪ್ರವಾದಿ ಎಲೀಯನಿಗೆ ಬೆಟ್ಟದ ಮೇಲೆ ದೇವರು ಕಂಡದ್ದು ಬಿರುಗಾಳಿಯಲ್ಲಲ್ಲ, ಭೂಕಂಪದಲ್ಲಲ್ಲ, ಬೆಂಕಿಯಲ್ಲೂ ಅಲ್ಲ. ಅವೆಲ್ಲ ಅಡಗಿದ ಮೇಲೆ ಕೇಳಿದ ಮೆಲುದನಿಯಲ್ಲಿ. ಕ್ರೈಸ್ತ ಪರಂಪರೆಯಲ್ಲಿ ಬಾಯಿ ಮುಚ್ಚುವುದು ಗುರಿಯಲ್ಲ. ಕಿವಿ ತೆರೆಯುವುದಕ್ಕೆ ಅದು ಸಿದ್ಧತೆ.

ನಡುಹಗಲ ಪಿಶಾಚಿ

ಸುಮ್ಮನೆ ಕುಳಿತ ಮಾತ್ರಕ್ಕೆ ಶಾಂತಿ ಬಂದುಬಿಡುವುದಿಲ್ಲ. ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿ 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಬ ಸನ್ಯಾಸಿ ಇದನ್ನು ಚೆನ್ನಾಗಿ ಬಲ್ಲ. ನಡುಹಗಲಿನಲ್ಲಿ ಒಂದು ಪಿಶಾಚಿ ಬರುತ್ತದಂತೆ. ಅದು ಬಂದಾಗ ಸೂರ್ಯ ನಿಂತಲ್ಲೇ ನಿಂತಂತೆ ಕಾಣುತ್ತಾನೆ. ಸನ್ಯಾಸಿ ಪದೇ ಪದೇ ಕಿಟಕಿಯತ್ತ ನೋಡುತ್ತಾನೆ, ಊಟಕ್ಕೆ ಇನ್ನೆಷ್ಟು ಹೊತ್ತೆಂದು ಲೆಕ್ಕ ಹಾಕುತ್ತಾನೆ, ಬೇರೆ ಜಾಗದಲ್ಲಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಾನೆ. ಗಣಿತದ ಪುಸ್ತಕದ ಮುಂದೆ ಕುಳಿತ ಯಾವ ವಿದ್ಯಾರ್ಥಿಗೆ ಈ ಪಿಶಾಚಿಯ ಪರಿಚಯವಿಲ್ಲ?

ಮರುಭೂಮಿಯ ಹಿರಿಯರು ಕೊಟ್ಟ ಮದ್ದು ಸರಳ: ಕುಳಿತ ಜಾಗ ಬಿಡಬೇಡ. ಪ್ರಾರ್ಥಿಸು, ಹಗ್ಗ ಹೊಸೆ, ಬುಟ್ಟಿ ಹೆಣೆ, ಮತ್ತೆ ಪ್ರಾರ್ಥಿಸು. ಬೇಸರ ಬಂದಿತೆಂದರೆ ಸೋತೆನೆಂದಲ್ಲ, ಸಾಧನೆ ಶುರುವಾಯಿತೆಂದು ಅರ್ಥ.

ಇದಕ್ಕೆ ಸನ್ಯಾಸಿಯೇ ಆಗಬೇಕಿಲ್ಲ. ಜೆಸ್ವಿತ್ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲ ರೂಪಿಸಿದ 30 ದಿನಗಳ ಮೌನಸಾಧನೆಯ ಕ್ರಮ 1548ರಲ್ಲಿ ಅಚ್ಚಾಯಿತು. ಅದರ ಚಿಕ್ಕ ರೂಪವೇ 'ರಿಟ್ರೀಟ್'. 1880ರಲ್ಲಿ ಆರಂಭವಾದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಈ ಜೆಸ್ವಿತರದ್ದೇ. ದಿನದ ಕೊನೆಯಲ್ಲಿ ಇಡೀ ದಿನವನ್ನು ಮನಸ್ಸಿನಲ್ಲೇ ಹಿಂತಿರುಗಿ ನೋಡುವ ಅಭ್ಯಾಸವನ್ನೂ ಇಗ್ನೇಷಿಯಸ್ ಕಲಿಸಿದರು. ಯಾವುದಕ್ಕೆ ಕೃತಜ್ಞನಾಗಬೇಕು? ಎಲ್ಲಿ ತಪ್ಪಿದೆ? ನಾಳೆ ಹೇಗಿರಬೇಕು? ಹದಿನೈದು ನಿಮಿಷ ಸಾಕು.

ತಂದೆತಾಯಿಯರಿಗೊಂದು ಮಾತು

ಇಲ್ಲೊಂದು ಎಚ್ಚರಿಕೆ ಅಗತ್ಯ. ಕಾರ್ಥೂಸಿಯನ್ ಮಠ ಸೇರಬಯಸಿದವರನ್ನು ಹಲವು ವರ್ಷ ಪರೀಕ್ಷಿಸಿದ ಮೇಲಷ್ಟೇ ಶಾಶ್ವತವಾಗಿ ಸೇರಿಸಿಕೊಳ್ಳುತ್ತಾರೆ. ಆವರೆಗೆ ಅವರು ಹಿಂತಿರುಗಬಹುದು, ಮಠವೂ ಬೇಡವೆನ್ನಬಹುದು. ಹೊಸಬರ ಕಷ್ಟಸುಖ ಕೇಳಲು ಒಬ್ಬ ಹಿರಿಯರಿರುತ್ತಾರೆ. ಜಗತ್ತಿಗೆ ಮುನಿಸಿಕೊಂಡು ಬಂದವನಿಗೆ ಏಕಾಂತ ಔಷಧವಾಗದೆ ವಿಷವಾದೀತು ಎಂಬ ಅರಿವು ಇದರ ಹಿಂದಿದೆ.

ನಮ್ಮ ಮನೆಗಳಲ್ಲಿ ಆ ಎಚ್ಚರ ಇದೆಯೆ? 'ಬಾಯಿ ಮುಚ್ಚಿಕೊಂಡು ಒಳಗೆ ಕೂತ್ಕೋ' ಎಂಬ ಗದರಿಕೆಯಿಂದ ಮಕ್ಕಳು ಕಲಿಯುವುದು ಮೌನವನ್ನಲ್ಲ, ಅದರ ಭಯವನ್ನು. ನಿನ್ನೆಯವರೆಗೆ ಹರಟುತ್ತಿದ್ದ ಮಗಳು ಇದ್ದಕ್ಕಿದ್ದಂತೆ ಮಾತು ಬಿಟ್ಟು ಬಾಗಿಲು ಹಾಕಿಕೊಂಡರೆ, 'ಈಗ ಸೀರಿಯಸ್ಸಾಗಿ ಓದ್ತಿದಾಳೆ' ಎಂದು ಹಿಗ್ಗುವ ಮೊದಲು ಒಮ್ಮೆ ಪಕ್ಕದಲ್ಲಿ ಕುಳಿತು ವಿಚಾರಿಸಿ. ತಾನಾಗಿ ಆರಿಸಿಕೊಂಡ ಏಕಾಂತದಿಂದ ಹೊರಬಂದ ಮಗುವಿನ ಮುಖ ತಿಳಿಯಾಗಿರುತ್ತದೆ. ಒಂಟಿತನದಿಂದ ಬಂದ ಮುಖ ಹಾಗಿರುವುದಿಲ್ಲ. ಈ ವ್ಯತ್ಯಾಸವನ್ನು ಗುರುತಿಸುವ ಕಣ್ಣು ಹೆತ್ತವರಿಗೆ ಬೇಕು.

ಯಾವ ಧರ್ಮದ ಮನೆಯಾದರೂ ಸರಿ, ಇಂದು ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಎಲ್ಲರ ಮೊಬೈಲುಗಳನ್ನೂ ಬೀರುವಿನಲ್ಲಿಟ್ಟು, ಮನೆಮಂದಿಯೆಲ್ಲ ಸುಮ್ಮನೆ ಕುಳಿತು ನೋಡಿ. ಮೊದಲ ದಿನ ಮಕ್ಕಳಿಗೆ ನಗು ಬರುತ್ತದೆ. ಎರಡನೆಯ ದಿನ ಅಪ್ಪನಿಗೆ ನಿದ್ದೆ ಬರುತ್ತದೆ! ಬಿಡದೆ ಕುಳಿತರೆ, ಕೆಲವು ದಿನಗಳ ನಂತರ ಆ ಹದಿನೈದು ನಿಮಿಷ ಮುಗಿದೊಡನೆ ಮಗನೋ ಮಗಳೋ ತಾನಾಗಿಯೇ ಬಾಯಿಬಿಟ್ಟು ಒಂದು ಮಾತು ಹೇಳೀತು. ಅದನ್ನು ಕೇಳಿಸಿಕೊಳ್ಳಲು ನೀವು ಅಲ್ಲೇ ಇರುತ್ತೀರಿ.