ಹಣ ಕಳಿಸಲು ನಿಧಾನ, ದೂರು ಕೊಡಲು ಅವಸರ

ಆನ್‌ಲೈನ್ ವಂಚಕರು ಸಾಮಾನ್ಯವಾಗಿ ಬ್ಯಾಂಕಿನ ಬೀಗ ಒಡೆಯುವುದಿಲ್ಲ. ಖಾತೆ ಯಾರದೋ ಅವರ ಕೈಯಿಂದಲೇ ಬೀಗ ತೆಗೆಸುತ್ತಾರೆ. ಆಸೆ ಇಲ್ಲವೇ ಭಯ ಹುಟ್ಟಿಸಿ, ಯೋಚಿಸಲು ಬಿಡುವು ಕೊಡದಿರುವುದೇ ಅವರ ದಾರಿ.

ಭಾಷೆಯ ತೊಡಕೂ ಅವರಿಗೆ ನೆರವಾಗುತ್ತದೆ. ವರನಟ ರಾಜ್‌ಕುಮಾರ್ ಅವರ ಗಾಜನೂರು ಇರುವ ತಾಳವಾಡಿ ಸೀಮೆ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದೆ. ಇಲ್ಲಿ ಬಹುಪಾಲು ಮನೆಮಾತು ಕನ್ನಡ, ಸರ್ಕಾರಿ ಕಾಗದ ತಮಿಳು, ಮೊಬೈಲಿಗೆ ಬರುವ ಬ್ಯಾಂಕ್ ಸಂದೇಶ ಹೆಚ್ಚಾಗಿ ಇಂಗ್ಲಿಷ್. ಸಂದೇಶ ಅರ್ಥವಾಗದಿದ್ದರೆ ಫೋನಿನಲ್ಲಿ ಮಾತಾಡುವವರು ಹೇಳಿದ್ದೇ ನಿಜವೆನಿಸುತ್ತದೆ. ಹಾಗಾಗಿ ಅದನ್ನು ಓದಬಲ್ಲ ಮನೆಯವರಿಗೆ ತೋರಿಸುವುದೇ ಇಲ್ಲಿ ಮೊದಲ ರಕ್ಷಣೆ.

ಟೊಮೆಟೊ, ಎಲೆಕೋಸು ಬೆಳೆಯುವ ರೈತರಿಗೆ ಬರಬಹುದಾದ ಕರೆ ಒಂದನ್ನು ನೋಡೋಣ. ಫಸಲು ಕೊಳ್ಳುತ್ತೇವೆ, ಮುಂಗಡ ಕಳಿಸುತ್ತೇವೆ ಎಂದು ಆ ಕಡೆಯವರು ಕ್ಯೂಆರ್ ಕೋಡ್ ಕಳಿಸುತ್ತಾರೆ. ಸ್ಕ್ಯಾನ್ ಮಾಡಿದರೆ ತೆರೆಯ ಮೇಲೆ ಮೊತ್ತ ಬರುತ್ತದೆ, ಕೆಳಗೆ ಪಿನ್ ಕೇಳುತ್ತದೆ. ಪಿನ್ ಒತ್ತಿದರೆ ಮುಂಗಡ ಬರುವುದಿಲ್ಲ, ಇದ್ದ ಹಣವೂ ಹೋಗುತ್ತದೆ. ಯುಪಿಐ 2016ರಲ್ಲಿ ಶುರುವಾದಾಗಿನಿಂದ ನಿಯಮ ಒಂದೇ: ಹಣ ಪಡೆಯಲು ಪಿನ್ ಬೇಡ, ಕೊಡಲು ಮಾತ್ರ ಬೇಕು.

ಇನ್ನೊಂದು ಬಲೆ ಎಪಿಕೆ, ಅಂದರೆ ಆ್ಯಪ್ ಅನ್ನು ಫೋನಿಗೆ ಹಾಕುವ ಫೈಲ್. ಪಿಎಂ ಕಿಸಾನ್ ಕಂತಿನ ಹೆಸರಿನಲ್ಲೋ ಮದುವೆಯ ಕರೆಯೋಲೆಯ ರೂಪದಲ್ಲೋ ಅದು ವಾಟ್ಸ್‌ಆ್ಯಪಿಗೆ ಬರುತ್ತದೆ. ಇನ್‌ಸ್ಟಾಲ್ ಮಾಡಿ, ಕೇಳಿದ ಅನುಮತಿ ಕೊಟ್ಟರೆ ಫೋನಿಗೆ ಬರುವ ಒಟಿಪಿಗಳು ವಂಚಕರ ಕೈ ಸೇರುತ್ತವೆ. ನೆಂಟರ ನಂಬರಿನಿಂದ ಬಂದರೂ ತೆರೆಯಬಾರದು, ಏಕೆಂದರೆ ಅವರ ಫೋನೇ ಸಿಕ್ಕಿಬಿದ್ದಿರಬಹುದು.

ಪೊಲೀಸರೆಂದು ಹೇಳಿಕೊಂಡು, ವೀಡಿಯೊ ಕರೆಯಲ್ಲೇ ಬಂಧಿಸಿದ್ದೇವೆ ಎಂದು ಬೆದರಿಸುವ ಭಯದ ಬಲೆಗೆ ‘ಡಿಜಿಟಲ್ ಅರೆಸ್ಟ್’ ಎಂದು ಹೆಸರು. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇದರ ಬಗ್ಗೆ ಎಚ್ಚರಿಸಿ, ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದ ಕರೆಯನ್ನೇ ಕೇಳಿಸಿದರು. ವೀಡಿಯೊ ಕರೆಯಲ್ಲಿ ಬಂಧಿಸುವ ಪದ್ಧತಿ ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಅಂಥ ಕರೆ ಬಂದರೆ ಕಡಿತಗೊಳಿಸಿ, ಮನೆಯವರಿಗೆ ಹೇಳಬೇಕು.

ಅಂಗಡಿಯವರು ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬದೆ ಸ್ವಂತ ಖಾತೆಯಲ್ಲಿ ಹಣ ಬಂದದ್ದನ್ನು ನೋಡಬೇಕು. ಗೋಡೆಯ ಕ್ಯೂಆರ್ ಮೇಲೆ ಬೇರೆ ಸ್ಟಿಕ್ಕರ್ ಅಂಟಿದೆಯೇ ಎಂದು ದಿನವೂ ಪರೀಕ್ಷಿಸಬೇಕು. ಸರಕು ಕಳಿಸುವವರ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಸಂದೇಶ ಬಂದರೆ, ಹಳೆಯ ನಂಬರಿಗೆ ಕರೆ ಮಾಡಿ ಕೇಳಿದ ಮೇಲೆಯೇ ಹಣ ಹಾಕಬೇಕು. ಮನೆಯಲ್ಲಿ ವಾಟ್ಸ್‌ಆ್ಯಪಿಗೆ ಎರಡು ಹಂತದ ಪರಿಶೀಲನೆ ಹಾಕಿಕೊಳ್ಳುವುದು, ಆಧಾರ್ ಬೆರಳಚ್ಚನ್ನು ಬೇಡದಾಗ ಲಾಕ್ ಮಾಡಿಡುವುದು ಒಳ್ಳೆಯದು. ಫೋಟೊ ಇಟ್ಟುಕೊಂಡು ಯಾರಾದರೂ ಬೆದರಿಸಿದರೆ ಮಗು ಹೆದರದೆ ಬಂದು ಹೇಳಬೇಕು. ಬೈಗುಳ ಬೀಳುವುದಿಲ್ಲ ಎಂಬ ಧೈರ್ಯ ಅದಕ್ಕೆ ಮೊದಲೇ ಇರಬೇಕು.

ಹಣ ಹೋದ ಮೇಲೆ ಮಾತ್ರ ನಿಧಾನ ಸಲ್ಲದು. ತಾಳವಾಡಿಯವರು ಜಿಲ್ಲಾ ಕೇಂದ್ರ ಈರೋಡಿನಲ್ಲಿ ದೂರು ಕೊಡಲು ದಿಂಬಂ ಘಾಟಿಯ 27 ತಿರುವು ಇಳಿದು ನೂರು ಕಿಲೋಮೀಟರ್‌ಗೂ ಹೆಚ್ಚು ಹೋಗಬೇಕು. ರಾತ್ರಿ ಆ ದಾರಿಯಲ್ಲಿ ಸಂಚಾರಕ್ಕೆ ನಿರ್ಬಂಧವೂ ಇದೆ. ಆದರೆ ದೇಶಕ್ಕೆಲ್ಲ ಒಂದೇ ಆಗಿರುವ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಗೆ ಕುಳಿತಲ್ಲಿಂದಲೇ ಕರೆ ಮಾಡಬಹುದು. ದೂರು ದಾಖಲಾದೊಡನೆ ಹಣ ಸೇರಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಇನ್ನೂ ಖಾತೆಯಲ್ಲೇ ಇದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಲೇ ಇರುವುದರಿಂದ ಒಂದೊಂದು ನಿಮಿಷವೂ ಮುಖ್ಯ.

ಜೊತೆಗೆ ಬ್ಯಾಂಕಿಗೂ ತಿಳಿಸಬೇಕು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರದ್ದಲ್ಲ. ಪಿನ್ ತಾವೇ ಕೊಟ್ಟಿದ್ದರೂ, ತಿಳಿಸಿದ ನಂತರ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು.

ಬ್ಯಾಂಕ್ ಖಾತೆ ಕರ್ನಾಟಕದ ಚಾಮರಾಜನಗರದಲ್ಲಿ, ಮನೆ ತಾಳವಾಡಿಯಲ್ಲಿ ಇರುವವರಿಗೆ ದೂರು ಎಲ್ಲಿ ಕೊಡಬೇಕೆಂಬ ಗೊಂದಲ ಬರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಪೊಲೀಸರಿಗೆ ಕೊಟ್ಟ ಮಾಹಿತಿ ದಾಖಲಾಗಬೇಕು. ವ್ಯಾಪ್ತಿಗೆ ಸೇರಿದ ಠಾಣೆಗೆ ಅದನ್ನು ದಾಟಿಸುವುದು ಪೊಲೀಸರ ಕೆಲಸ.