ಕಿಡಿಯಂಚಿನ ಹದ

ರಾಯಚೂರಿನಿಂದ ಉತ್ತರಾಭಿಮುಖವಾಗಿ ಹೊರಟು ಕೃಷ್ಣೆಯ ದಡವನ್ನು ಸಮೀಪಿಸುವ ಪ್ರಯಾಣಿಕನಿಗೆ ಶಕ್ತಿನಗರದ ಚಿಮಣಿಗಳು ಬಹುದೂರದಿಂದಲೇ ಗೋಚರವಾಗುತ್ತವೆ. ಆದರೆ ಅವುಗಳ ತುದಿಯಿಂದ ಹೊರಬೀಳಬೇಕಾಗಿದ್ದು ಹೊರಬೀಳದೆ ಉಳಿದದ್ದೇನು ಎಂಬ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳುವವನು ವಿರಳ. 1985ರಲ್ಲಿ ಚಾಲನೆಗೊಂಡ ಅಲ್ಲಿನ ಮೊದಲ ಘಟಕದಂತಹ 210 ಮೆಗಾವಾಟ್ ಘಟಕವೊಂದು ಪೂರ್ಣಭಾರದಲ್ಲಿ ದುಡಿಯುವಾಗ ದಿನವೊಂದಕ್ಕೆ ಸುಮಾರು 3,000 ಟನ್ ಕಲ್ಲಿದ್ದಲನ್ನು ಉಣ್ಣುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿಗೂ ಮಿಗಿಲಾಗಿ ಬೂದಿಯೇ ಇರುವುದರಿಂದ ನಿತ್ಯವೂ ಸಾವಿರ ಟನ್ನಿನಷ್ಟು ಬೂದಿ ಹುಟ್ಟುತ್ತದೆ, ಅದರ ಬಹುಭಾಗ ಹಾರುಬೂದಿಯಾಗಿ ಹೊಗೆಯೊಡನೆ ಚಿಮಣಿಯ ಕಡೆಗೆ ಧಾವಿಸುತ್ತದೆ. ಅದನ್ನು ದಾರಿಯಲ್ಲಿಯೇ ಅಡ್ಡಗಟ್ಟಿ ಹಿಡಿಯುವ, ಮನೆಗಳ ಸಾಲಿನಷ್ಟು ದೊಡ್ಡದಾದ ಉಕ್ಕಿನ ಪೆಟ್ಟಿಗೆಗಳಿಗೆ ಪುಸ್ತಕದಲ್ಲಿ ಸ್ಥಿರವಿದ್ಯುತ್ ಅವಕ್ಷೇಪಕವೆಂಬ ಗಂಭೀರವಾದ ಹೆಸರಿದೆ. ಪಾಳಿಯ ಕೆಲಸಗಾರರ ಬಾಯಲ್ಲಿ ಅದು ಬರಿಯ ಇ.ಎಸ್.ಪಿ.

ಈ ಪೆಟ್ಟಿಗೆಯ ಒಳಗಿನ ತತ್ತ್ವ ಸರಳವಾದುದು. ಭೂಮಿಗೆ ಜೋಡಿಸಿದ ಎತ್ತರದ ತಗಡುಗಳ ಸಾಲುಗಳ ನಡುವೆ ತಂತಿಗಳು ಇಳಿಬಿದ್ದಿರುತ್ತವೆ; ಆ ತಂತಿಗಳಿಗೆ ಹತ್ತಾರು ಸಾವಿರ ವೋಲ್ಟಿನ ಋಣವಿದ್ಯುತ್ತನ್ನು ಕೊಟ್ಟೊಡನೆ ಅವುಗಳ ಸುತ್ತ ಕರೋನಾ ಎಂಬ ಮಂದವಾದ ಪ್ರಭೆಯೊಂದು ಮೂಡಿ, ಅಲ್ಲಿ ಹುಟ್ಟಿದ ಅಯಾನುಗಳು ಬೂದಿಯ ಕಣಗಳಿಗೆ ಅಂಟಿಕೊಂಡು, ಕಣಗಳು ತಗಡುಗಳ ಕಡೆಗೆ ಸೆಳೆಯಲ್ಪಟ್ಟು ಅಲ್ಲಿ ಪದರವಾಗಿ ಕೂರುತ್ತವೆ; ಆಗಾಗ ಸುತ್ತಿಗೆಗಳು ತಗಡನ್ನು ಬಡಿದಾಗ ಆ ಪದರ ಕಳಚಿ ಕೆಳಗಿನ ಹಾಪರೆಂಬ ತೊಟ್ಟಿಗೆ ಬೀಳುತ್ತದೆ. ವೋಲ್ಟೇಜು ಹೆಚ್ಚಿದಂತೆಲ್ಲ ಕಣಕ್ಕೆ ದೊರೆಯುವ ಆವೇಶವೂ ಹೆಚ್ಚುತ್ತದೆ, ಅದನ್ನು ಸೆಳೆಯುವ ಬಲವೂ ಹೆಚ್ಚುತ್ತದೆ. ಆದುದರಿಂದ ಕಣವು ತಗಡನ್ನು ಸೇರುವ ವೇಗ ಹೆಚ್ಚುಕಡಮೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾದರೆ ಏರಿಸುತ್ತಲೇ ಹೋಗಬಾರದೇಕೆ? ಒಂದು ಮಿತಿಯನ್ನು ದಾಟಿದ ಕ್ಷಣವೇ ತಂತಿಗೂ ತಗಡಿಗೂ ನಡುವೆ ಕಿಡಿ ಹಾರಿ, ಕಟ್ಟಿದ ವೋಲ್ಟೇಜೆಲ್ಲ ಕುಸಿದುಬೀಳುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವನ ಸಂಕಟವೇ ಇದು: ತುಸು ಮುಂಚಿತವಾಗಿ ಇಳಿಸಿದರೆ ಬೆಲ್ಲ ಕಟ್ಟದು, ತುಸು ತಡವಾದರೆ ಪಾಕ ಸೀದುಹೋದೀತು. ಅದರ ಮೇಲೆ ಈ ಕೊಪ್ಪರಿಗೆಯ ಹದ ಗಳಿಗೆಗೊಂದು ತೆರನಾಗಿ ಬದಲಾಗುತ್ತದೆ. ಕಲ್ಲಿದ್ದಲಿನ ಗಣಿ ಬದಲಾದರೆ, ಹೊಗೆಯ ಉಷ್ಣತೆ ಏರಿದರೆ, ತೇವ ತಗ್ಗಿದರೆ, ತಗಡಿನ ಮೇಲಿನ ಪದರ ದಪ್ಪವಾದರೆ ಕಿಡಿಯ ಮಿತಿಯೂ ಸರಿದುಬಿಡುತ್ತದೆ. ಈ ಚಂಚಲವಾದ ಮಿತಿಯನ್ನು ಬೆನ್ನಟ್ಟುವ ಕಾರ್ಯ ಮನುಷ್ಯನ ಕೈಯಿಂದ ಯಂತ್ರದ ಕೈಗೆ ಹೇಗೆ ಹೋಯಿತೆಂಬುದೇ ಇಲ್ಲಿನ ಕಥೆ.

ಕಥೆಯ ಮೊದಲ ಪುಟ ಜರ್ಮನಿಯ ಲೈಪ್ಜಿಗ್ ನಗರದ್ದು. 1824ರಲ್ಲಿ ಅಲ್ಲಿನ ಗಣಿತದ ಉಪಾಧ್ಯಾಯನಾದ ಹೋಲ್‌ಫೆಲ್ಡ್ ಎಂಬಾತನು ಹೊಗೆ ತುಂಬಿದ ಜಾಡಿಯೊಳಗೆ ವಿದ್ಯುತ್ ಪೂರಿತವಾದ ಮೊನೆಯೊಂದನ್ನು ಇಳಿಸಿ ಹೊಗೆ ತಿಳಿಯಾಗುವುದನ್ನು ತೋರಿಸಿದನು; ಜಗತ್ತು ಅದನ್ನು ಮರೆತಿತು. ಆರು ದಶಕಗಳ ತರುವಾಯ ಇಂಗ್ಲೆಂಡಿನ ಭೌತವಿಜ್ಞಾನಿ ಆಲಿವರ್ ಲಾಡ್ಜ್ ಅದೇ ಸಂಗತಿಯನ್ನು ಮತ್ತೆ ಕಂಡುಕೊಂಡನು, ಮತ್ತು 1885ರಲ್ಲಿ ವೇಲ್ಸ್ ಸೀಮೆಯ ಬ್ಯಾಗಿಲ್ಟ್ ಎಂಬಲ್ಲಿನ ಸೀಸದ ಕುಲುಮೆಯ ಹೊಗೆಯ ಮೇಲೆ ಅದು ಪ್ರಯೋಗಿಸಲ್ಪಟ್ಟಿತು. ಪ್ರಯತ್ನ ಸೋತಿತು. ಅಲ್ಲಿ ಬಳಸಿದ್ದ, ಗಾಜಿನ ತಟ್ಟೆಗಳನ್ನು ತಿರುಗಿಸಿ ವಿದ್ಯುತ್ತನ್ನು ಕೂಡಿಸುವ ವಿಮ್ಸ್‌ಹರ್ಸ್ಟ್ ಯಂತ್ರ ಪಾಠಶಾಲೆಯ ಮೇಜಿಗೆ ಒಪ್ಪುವಂತಹುದು. ಕಾರ್ಖಾನೆಯ ಹೊಗೆಯ ಹೊಳೆಗೆ ಅದರ ಬಲ ಏನೇನೂ ಸಾಲದು. ಸೀಸದ ಹೊಗೆಯ ಧೂಳೂ ತನ್ನೊಳಗೆ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದ ಜಾತಿಯದು. ತತ್ತ್ವ ದೊರಕಿದ್ದರೂ ಅದಕ್ಕೆ ಉಣಿಸುವ ಶಕ್ತಿಯ ಮೂಲ ದೊರಕಿರಲಿಲ್ಲ. ಈ ವಿದ್ಯೆಯ ಇತಿಹಾಸವು ಪೆಟ್ಟಿಗೆಯ ಇತಿಹಾಸವಾಗಿರುವುದಕ್ಕಿಂತ ಹೆಚ್ಚಾಗಿ ಆ ಪೆಟ್ಟಿಗೆಗೆ ವಿದ್ಯುತ್ತನ್ನು ಉಣಿಸುವ ಬಗೆಯ ಇತಿಹಾಸವೇ ಆಗಿದೆ.

ಆ ಮೂಲವನ್ನು ಒದಗಿಸಿದವನು ಕ್ಯಾಲಿಫೋರ್ನಿಯಾದ ಫ್ರೆಡರಿಕ್ ಗಾರ್ಡ್ನರ್ ಕಾಟ್ರೆಲ್. ಬರ್ಕ್ಲಿಯಲ್ಲಿ ಭೌತರಸಾಯನವನ್ನು ಬೋಧಿಸುತ್ತಿದ್ದ ಆತನು 1906ರ ಸುಮಾರಿಗೆ ಗಂಧಕಾಮ್ಲದ ತಯಾರಿಕೆಯಲ್ಲಿ ಏಳುವ ಆಮ್ಲದ ಮಂಜನ್ನು ಹಿಡಿಯುವ ಉಪಾಯವನ್ನು ಹುಡುಕುತ್ತಿದ್ದನು. ಹತ್ತಿಯ ನೂಲು ಸುತ್ತಿದ್ದ ತಂತಿಯೊಂದು ಕತ್ತಲೆಯಲ್ಲಿ ಮೈಯುದ್ದಕ್ಕೂ ನಸುವಾಗಿ ಹೊಳೆಯುತ್ತಿದ್ದುದು ಆತನ ಕಣ್ಣಿಗೆ ಬಿತ್ತು. ನೂಲಿನ ನವಿರಾದ ಎಳೆಗಳೊಂದೊಂದೂ ಒಂದೊಂದು ಸೂಜಿಮೊನೆಯಾಗಿ ವಿದ್ಯುತ್ತನ್ನು ಸೂಸುತ್ತಿದ್ದವು. ಅದಕ್ಕಿಂತಲೂ ದೊಡ್ಡದಾದ ಕೆಲಸವೆಂದರೆ ಆತನು ಗಾಜಿನ ತಟ್ಟೆಗಳನ್ನು ಬದಿಗಿಟ್ಟು, ಆಗತಾನೆ ಊರೂರಿಗೆ ಬರುತ್ತಿದ್ದ ಪರ್ಯಾಯ ವಿದ್ಯುತ್ತನ್ನೇ ಟ್ರಾನ್ಸ್‌ಫಾರ್ಮರಿನಿಂದ ಮೇಲೇರಿಸಿ, ಅದರ ತರಂಗಗಳಿಗೆ ಸರಿಯಾಗಿ ತಾಳ ಹಿಡಿದು ತಿರುಗುವ ಸಂಪರ್ಕ ಚಕ್ರವೊಂದರ ಮೂಲಕ ಏಕಮುಖವಾಗುವಂತೆ ಮಾಡಿದ್ದು. 1908ರಲ್ಲಿ ಆತನಿಗೆ ಪೇಟೆಂಟು ಲಭಿಸಿತು. ಸೆಲ್ಬಿಯ ಲೋಹದ ಕುಲುಮೆ, ರಿವರ್‌ಸೈಡಿನ ಸಿಮೆಂಟ್ ಕಾರ್ಖಾನೆ ಮೊದಲಾದೆಡೆ ಯಂತ್ರ ನೆಲೆಯೂರಿತು. ಹಣದ ಆಸೆಯಿಲ್ಲದ ಆ ಮನುಷ್ಯ ತನ್ನ ಪೇಟೆಂಟುಗಳನ್ನು ಒಪ್ಪಿಸಿದ್ದರಿಂದಲೇ, ಬಂದ ಆದಾಯ ವಿಜ್ಞಾನದ ಸಂಶೋಧನೆಗೆ ಸಲ್ಲಬೇಕೆಂಬ ಉದ್ದೇಶದ ರಿಸರ್ಚ್ ಕಾರ್ಪೊರೇಷನ್ 1912ರಲ್ಲಿ ಹುಟ್ಟಿಕೊಂಡಿತೆಂಬುದನ್ನೂ ಇಲ್ಲಿ ನೆನೆಯಬೇಕು. 1923ರಲ್ಲಿ ಡೆಟ್ರಾಯಿಟ್ ನಗರಕ್ಕೆ ಬೆಳಕು ಕೊಡುತ್ತಿದ್ದ ಟ್ರೆಂಟನ್ ಚಾನೆಲ್ ವಿದ್ಯುದಾಗಾರದಲ್ಲಿ ಕಲ್ಲಿದ್ದಲಿನ ಹಾರುಬೂದಿಗೂ ಈ ಬಲೆ ಬೀಸಲ್ಪಟ್ಟಿತು.

ಆ ದಿನಗಳಲ್ಲಿ ಹದ ಕಾಯುವವನು ಮನುಷ್ಯನೇ. ತಿರುಗುವ ಚಕ್ರದ ಚಟಪಟ ಸದ್ದು, ಓಜೋನಿನ ತೀಕ್ಷ್ಣವಾದ ವಾಸನೆ, ಮೀಟರಿನ ಮುಳ್ಳಿನ ನಡುಕ, ಪೆಟ್ಟಿಗೆಯೊಳಗಿಂದ ಕೇಳಿಬರುವ ಕಿಡಿಗಳ ಸದ್ದು, ಇವುಗಳನ್ನೇ ಗುರುತಾಗಿಟ್ಟುಕೊಂಡು ಅವನು ವೋಲ್ಟೇಜಿನ ಮೆಟ್ಟಿಲುಗಳನ್ನು ಏರಿಸುವನು, ಇಳಿಸುವನು. ಎಷ್ಟೇ ಎಚ್ಚರದ ಮನುಷ್ಯನಾದರೂ ಹಗಲಿರುಳು ಒಂದು ಮುಳ್ಳನ್ನು ದಿಟ್ಟಿಸುತ್ತ ಕೂರಲಾರನಷ್ಟೆ; ಆದುದರಿಂದ ಕಿಡಿಯ ಗೊಡವೆಯೇ ಬೇಡವೆಂದು ಮಿತಿಗಿಂತ ಸಾಕಷ್ಟು ಕೆಳಗೆ ನಿಲ್ಲಿಸಿ ಬೇರೆ ಕೆಲಸಕ್ಕೆ ಹೋಗುವುದು ಸಹಜವಾಗಿದ್ದಿತು. ಆ ನಿಶ್ಚಿಂತೆಯ ಬೆಲೆಯನ್ನು ತೆರುತ್ತಿದ್ದುದು ಚಿಮಣಿಯ ಸುತ್ತಲಿನ ಹೊಲಮನೆಗಳು. 1922ರಲ್ಲಿ ಡಾಯ್ಚ್ ಎಂಬ ಜರ್ಮನ್ ವಿಜ್ಞಾನಿ ನಿರೂಪಿಸಿದ ಸೂತ್ರ ಈ ಬೆಲೆ ಎಂತಹುದೆಂಬುದನ್ನು ತೋರಿಸುತ್ತದೆ: ಪೆಟ್ಟಿಗೆಯ ಒಂದು ಭಾಗ ನೂರರಲ್ಲಿ ತೊಂಬತ್ತು ಪಾಲು ಧೂಳನ್ನು ಹಿಡಿದರೆ, ಅಷ್ಟೇ ದೊಡ್ಡದಾದ ಮುಂದಿನ ಭಾಗ ಹಿಡಿಯುವುದು ಉಳಿದ ಹತ್ತರಲ್ಲಿ ಒಂಬತ್ತನ್ನು ಮಾತ್ರ. ಕೊನೆಯ ಚಿಟಿಕೆ ಬೂದಿಯೇ ಅತ್ಯಂತ ದುಬಾರಿಯಾದುದು, ಮತ್ತು ತುಸು ವೋಲ್ಟೇಜು ತಗ್ಗಿದರೂ ಮೊದಲು ಕೈಜಾರುವುದು ಅದೇ.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಹ್ಯಾರಿ ಜೆ. ವೈಟ್ ಮೊದಲಾದವರು ನಡೆಸಿದ ಅಧ್ಯಯನದಿಂದ ಒಂದು ವಿಚಿತ್ರವಾದ ಸತ್ಯ ಸ್ಪಷ್ಟವಾಯಿತು. ಕಿಡಿಯೇ ಇಲ್ಲದ ಸ್ಥಿತಿ ಉತ್ತಮವಾದ ಸ್ಥಿತಿಯಲ್ಲ. ಕಿಡಿಗಳು ಮೊದಲಾಗುವವರೆಗೆ, ಅನಂತರವೂ ಒಂದು ಹಂತದವರೆಗೆ ಸರಾಸರಿ ವೋಲ್ಟೇಜು ಏರುತ್ತಲೇ ಹೋಗಿ, ನಿಮಿಷಕ್ಕೆ ನೂರರ ಆಸುಪಾಸಿನ ಕಿಡಿಗಳಾದಾಗ ಶಿಖರವನ್ನು ಮುಟ್ಟಿ, ಅದರಾಚೆಗೆ ಇಳಿಯತೊಡಗುತ್ತದೆ. ಹಾಗಾದರೆ ಕಿಡಿಯನ್ನು ಎಣಿಸುವ ಉಪಕರಣವೊಂದಿದ್ದರೆ, ಎಣಿಕೆ ಕಡಮೆಯಾದಾಗ ವೋಲ್ಟೇಜನ್ನು ಏರಿಸಿ, ಹೆಚ್ಚಿದಾಗ ಇಳಿಸಿದರಾಯಿತಲ್ಲವೆ? ಸ್ವಯಂಚಾಲಿತ ನಿಯಂತ್ರಕದ ಹುಟ್ಟು ಈ ಎಣಿಕೆಯಲ್ಲಿದೆ. ಮೊದಮೊದಲು ಕಬ್ಬಿಣದ ತಿರುಳಿನ ಕಾಂತತ್ವವನ್ನು ಬದಲಿಸಿ ವಿದ್ಯುತ್ತಿಗೆ ತಡೆಯೊಡ್ಡುವ ಭಾರವಾದ ರಿಯಾಕ್ಟರುಗಳು ಈ ಆಜ್ಞೆಯನ್ನು ನಿಧಾನವಾಗಿ ಪಾಲಿಸುತ್ತಿದ್ದವು. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ಹೊರತಂದ ಥೈರಿಸ್ಟರ್ ಎಂಬ ಸಿಲಿಕಾನಿನ ಬಾಗಿಲು ಮುಂದಿನ ವರ್ಷಗಳಲ್ಲಿ ಅವುಗಳ ಸ್ಥಾನವನ್ನು ಹಿಡಿಯಿತು, ಸದ್ದುಗದ್ದಲದ ಚಕ್ರಕ್ಕೆ ಬದಲಾಗಿ ಎಣ್ಣೆಯ ತೊಟ್ಟಿಯೊಳಗೆ ಮೌನವಾಗಿ ಕುಳಿತ ಸಿಲಿಕಾನ್ ರೆಕ್ಟಿಫೈಯರ್ ಬಂದಿತು, ಬಳಿಕ ಮೈಕ್ರೋಪ್ರೊಸೆಸರ್ ಬಂದು ಎಣಿಕೆಯ ಜೊತೆಗೆ ವಿವೇಚನೆಯನ್ನೂ ಕೂಡಿಸಿತು.

ಇಂದಿನ ನಿಯಂತ್ರಕ ಮಾಡುವುದಿಷ್ಟು. ನಮ್ಮ ವಿದ್ಯುತ್ತು ಸೆಕೆಂಡಿಗೆ ಐವತ್ತು ಆವರ್ತದ್ದಾದ್ದರಿಂದ ಅದರ ಅರ್ಧ ತರಂಗವೊಂದು 10 ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಥೈರಿಸ್ಟರುಗಳು ಪ್ರತಿ ಅರ್ಧ ತರಂಗದಲ್ಲಿಯೂ ಯಾವ ಕ್ಷಣ ಬಾಗಿಲು ತೆರೆಯಬೇಕೆಂಬುದನ್ನು ನಿಯಂತ್ರಕ ನಿಶ್ಚಯಿಸುತ್ತದೆ. ಕಿಡಿ ಹಾರಿ ವೋಲ್ಟೇಜು ಕುಸಿದೊಡನೆ ಅದು ಬಾಗಿಲನ್ನು ಮುಚ್ಚಿ, ಕಿಡಿಯ ದಾರಿಯಲ್ಲಿನ ಅಯಾನುಗಳು ಚದುರುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ತೆರೆದು, ಕಿಡಿಯಾದ ಮಟ್ಟಕ್ಕಿಂತ ತುಸು ಕೆಳಗಿನವರೆಗೆ ಬೇಗನೆ ಏರಿ, ಅಲ್ಲಿಂದ ಮೇಲಕ್ಕೆ ಹುಷಾರಾಗಿ ಹೆಜ್ಜೆಯಿಡುತ್ತ ಮುಂದಿನ ಕಿಡಿಯನ್ನು ಮುಟ್ಟುವವರೆಗೆ ಸಾಗುತ್ತದೆ. ಮಿತಿ ಎಲ್ಲಿದೆಯೆಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಮುಟ್ಟಿ ನೋಡಿಯೇ ಅದು ತಿಳಿಯುತ್ತದೆ, ತಿಳಿದದ್ದನ್ನು ಮರುನಿಮಿಷವೇ ಸಂಶಯಿಸಿ ಮತ್ತೆ ಮುಟ್ಟಿ ನೋಡುತ್ತದೆ.

ಆದರೆ ಭಾರತದ ಬೂದಿ ಈ ಜಾಣನಿಗೂ ಒಂದು ಪಾಠ ಕಲಿಸಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಅಲ್ಪ. ಆ ಕಾರಣದಿಂದ ಬೂದಿಯ ಪದರ ವಿದ್ಯುತ್ತನ್ನು ತಗಡಿಗೆ ಬಿಟ್ಟುಕೊಡಲು ಬಹಳ ಹಿಂಜರಿಯುತ್ತದೆ. ಆವೇಶ ಪದರದಲ್ಲಿಯೇ ಮಡುಗಟ್ಟಿ, ಕೊನೆಗೆ ಒಳಗೊಳಗೇ ಒಡೆದು, ಅಲ್ಲಿಂದ ಧನಾಯಾನುಗಳು ಹಿಮ್ಮುಖವಾಗಿ ಚಿಮ್ಮಿ, ಹಿಡಿಯಬೇಕಾದ ಕಣಗಳ ಋಣಾವೇಶವನ್ನೇ ಅಳಿಸಿಹಾಕುತ್ತವೆ. ಇದನ್ನು ಬ್ಯಾಕ್ ಕರೋನಾ ಎನ್ನುತ್ತಾರೆ. ಆಗ ಪ್ಯಾನೆಲಿನ ಮೇಲೆ ಮಿಲಿಯಾಂಪಿಯರ್ ಏರುತ್ತಿರುತ್ತದೆ, ಕಿಲೋವೋಲ್ಟ್ ಮಾತ್ರ ಇಳಿಯುತ್ತಿರುತ್ತದೆ. ಅನುಭವವಿಲ್ಲದವನು ಏರಿದ ಮಿಲಿಯಾಂಪಿಯರನ್ನು ನೋಡಿ ಫೀಲ್ಡ್, ಎಂದರೆ ಪೆಟ್ಟಿಗೆಯ ಆ ಭಾಗ, ಚೆನ್ನಾಗಿ ದುಡಿಯುತ್ತಿದೆಯೆಂದು ಭ್ರಮಿಸುತ್ತಾನೆ. ಇಲ್ಲಿ ಬೇಕಾದುದು ಹೆಚ್ಚು ಕೊಡುವ ಔದಾರ್ಯವಲ್ಲ, ತಡೆದು ಕೊಡುವ ಸಂಯಮ. ಮೂರರಲ್ಲಿ ಒಂದು, ಐದರಲ್ಲಿ ಒಂದು, ಏಳರಲ್ಲಿ ಒಂದು ಎಂಬಂತೆ ಅರ್ಧ ತರಂಗಗಳನ್ನು ಬಿಟ್ಟು ಬಿಟ್ಟು ಉಣಿಸುವ ಕ್ರಮ ಹೀಗೆ ರೂಢಿಗೆ ಬಂದಿತು. ಈ ಸಂಖ್ಯೆಗಳೆಲ್ಲ ಬೆಸವಾಗಿರುವುದಕ್ಕೂ ಕಾರಣವುಂಟು: ಬೆಸವಾದರೆ ಮಾತ್ರ ಎರಡು ಥೈರಿಸ್ಟರುಗಳಿಗೂ ಸರದಿಯಂತೆ ಪಾಳಿ ದೊರೆತು ಟ್ರಾನ್ಸ್‌ಫಾರ್ಮರಿನ ತಿರುಳು ಒಂದೇ ದಿಕ್ಕಿಗೆ ಕಾಂತೀಕೃತವಾಗುವುದು ತಪ್ಪುತ್ತದೆ. ಕಡಮೆ ವಿದ್ಯುತ್ತಿನಲ್ಲಿ ಹೆಚ್ಚು ಬೂದಿ ಹಿಡಿಯುವ ಈ ಕ್ರಮದಲ್ಲಿ ಉಳಿತಾಯವೂ ತಾನಾಗಿ ಕೈಗೂಡಿತು.

ಯಂತ್ರ ಇಷ್ಟು ಜಾಣವಾದರೂ ಪಾಳಿಯವನ ಧರ್ಮ ಮುಗಿಯಲಿಲ್ಲ. ತಂತಿಗಳನ್ನು ಹೊತ್ತ ಇನ್ಸುಲೇಟರುಗಳ ಮೇಲೆ ತೇವ ಕೂರದಂತೆ ಚಾರ್ಜ್ ಮಾಡುವುದಕ್ಕೆ ಗಂಟೆಗಟ್ಟಲೆ ಮೊದಲೇ ಹೀಟರುಗಳನ್ನು ಹಾಕಬೇಕು; ಬಾಯ್ಲರಿನಲ್ಲಿ ಎಣ್ಣೆ ಉರಿಯುತ್ತಿರುವಷ್ಟು ಹೊತ್ತು, ಜಿಗುಟಾದ ಮಸಿ ತಂತಿಗೆ ಮೆತ್ತಿಕೊಳ್ಳುವ ಮತ್ತು ಬೆಂಕಿ ಹೊತ್ತುವ ಭಯವಿರುವುದರಿಂದ, ಫೀಲ್ಡುಗಳನ್ನು ಎಬ್ಬಿಸಬಾರದು; ಪೆಟ್ಟಿಗೆಯ ಬಾಗಿಲನ್ನು ತೆರೆಯುವ ಮುನ್ನ ಬೀಗದ ಕೈಗಳ ಸರದಿಯನ್ನು ತಪ್ಪದೆ ಪಾಲಿಸಿ, ತಂತಿಗಳನ್ನು ಭೂಮಿಗೆ ಜೋಡಿಸಿರಬೇಕು. ವೋಲ್ಟೇಜು ಸೊನ್ನೆಗೆ ಹತ್ತಿರವಿದ್ದು ಮಿಲಿಯಾಂಪಿಯರ್ ತುಂಬಿಕೊಂಡಿದ್ದರೆ ತಂತಿ ತುಂಡಾಗಿ ತಗಡಿಗೆ ತಾಗಿದೆ, ಇಲ್ಲವೇ ಹಾಪರಿನಲ್ಲಿ ಬೂದಿ ತಂತಿಯ ಮಟ್ಟಕ್ಕೆ ಏರಿದೆ ಎಂದು ಊಹಿಸಬೇಕು. ಅಂತಹ ಫೀಲ್ಡನ್ನು ಟ್ರಿಪ್ಪಾದೊಡನೆ ಮತ್ತೆ ಮತ್ತೆ ಎಬ್ಬಿಸುವುದು ಶ್ರದ್ಧೆಯಲ್ಲ, ಹಟ.

2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯು ಉಷ್ಣವಿದ್ಯುತ್ ಸ್ಥಾವರಗಳ ಹೊಗೆಯ ಧೂಳನ್ನು ಅವುಗಳ ವಯಸ್ಸಿಗೆ ತಕ್ಕಂತೆ ಪ್ರತಿ ಘನಮೀಟರಿಗೆ 100, 50 ಮತ್ತು 30 ಮಿಲಿಗ್ರಾಮಿಗೆ ಮಿತಗೊಳಿಸಿತು. ಅಂಗುಲದಷ್ಟೂ ಜಾಗವಿಲ್ಲದ ಹಳೆಯ ಸ್ಥಾವರಗಳಿಗೆ ಹೊಸ ಪೆಟ್ಟಿಗೆ ಕಟ್ಟುವುದು ಕಷ್ಟ. ಇರುವ ಪೆಟ್ಟಿಗೆಗೆ ಉಣಿಸುವ ಬಗೆಯನ್ನು ತಿದ್ದುವುದು ಸುಲಭ. ಎಂತಲೇ ಸೆಕೆಂಡಿಗೆ ಹತ್ತಾರು ಸಾವಿರ ಆವರ್ತಗಳಲ್ಲಿ ದುಡಿದು ವೋಲ್ಟೇಜನ್ನು ಏರಿಳಿತವಿಲ್ಲದೆ ಕಿಡಿಯಂಚಿನಲ್ಲಿಯೇ ನಿಲ್ಲಿಸಬಲ್ಲ ಹೊಸ ವಿದ್ಯುತ್ ಮೂಲಗಳಿಗೆ ಈಗ ಬೇಡಿಕೆ ಬಂದಿದೆ. ಆದರೂ ಯಾವುದೇ ನಿಯಂತ್ರಕವನ್ನು ಪರೀಕ್ಷಿಸುವ ವಿಧಾನ ಹಳೆಯದೇ. ಪೆಟ್ಟಿಗೆಯ ತಗಡುಗಳು ಇನ್ನೂ ಬೂದಿ ಕಾಣದೆ ಹೊಸತಾಗಿದ್ದ ದಿನ, ಬರಿಯ ಗಾಳಿಯಲ್ಲಿ ಚಾರ್ಜ್ ಮಾಡಿ ಬರೆದಿಟ್ಟ ಕಿಲೋವೋಲ್ಟ್ ಮತ್ತು ಮಿಲಿಯಾಂಪಿಯರುಗಳ ಪಟ್ಟಿ ಕಡತದಲ್ಲಿ ಇರಬೇಕು. ಪ್ರತಿ ದುರಸ್ತಿಯ ಬಳಿಕ ಮತ್ತೆ ಹಾಗೆಯೇ ಚಾರ್ಜ್ ಮಾಡಿ, ಹೊಸ ಅಂಕಿಗಳನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಆ ಪಟ್ಟಿಯನ್ನು ಕಳೆದುಕೊಂಡ ಸ್ಥಾವರದಲ್ಲಿ ಎಂತಹ ಹೊಸ ನಿಯಂತ್ರಕವನ್ನು ತಂದಿರಿಸಿದರೂ, ಹದ ತಪ್ಪಿದೆಯೆಂಬುದು ಮೊದಲು ತಿಳಿಯುವುದು ಚಿಮಣಿಯನ್ನು ದೂರದಿಂದ ನೋಡುವ ಊರಿನವರಿಗೇ.